ಮುಂಬೈಯಲ್ಲಿ ಹಕ್ಕಿ ಫೋಟೊ: ತೆಗೆಯುವುದು, ತೋರಿಸುವುದು, ತಿದ್ದಿಕೊಳ್ಳುವುದು

ಹಕ್ಕಿ ಫೋಟೊ ಶುರು ಮಾಡುವವರು ಮೊದಲು ಕೇಳುವುದು ‘ಯಾವ ಲೆನ್ಸ್ ತಗೊಳ್ಳಲಿ?’ ಅಂತ. ಒಂದು ವರ್ಷ ಕಳೆದ ಮೇಲೆ ಅದೇ ಜನ ಕೇಳುವುದು ‘ಇಷ್ಟು ತೆಗೆದರೂ ಫೋಟೊ ಯಾಕೆ ಮೊದಲಿನ ಹಾಗೇ ಇದೆ?’ ಅಂತ. ಈ ಎರಡನೆಯ ಪ್ರಶ್ನೆಗೆ ಕ್ಯಾಮೆರಾ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ. ನಿಮ್ಮ ಫೋಟೊವನ್ನು ಇನ್ನೊಬ್ಬರು ನಿಧಾನವಾಗಿ ನೋಡಬೇಕು. ಕಣ್ಣು ಎಲ್ಲಿ ನಿಂತಿತು, ಎಲ್ಲಿ ಎಡವಿತು ಎಂದು ಪ್ರೀತಿಯಿಂದ ಹೇಳಬೇಕು. ನೀವು ಆ ಮಾತನ್ನು ಹಿಡಿದುಕೊಂಡು ಅದೇ ಜಾಗಕ್ಕೆ, ಅದೇ ಹಕ್ಕಿಯ ಹತ್ತಿರ ಮತ್ತೆ ಹೋಗಬೇಕು.

ಡೊಂಬಿವಲಿ, ಮುಲುಂಡ್, ನೆರೂಳ್ ಕಡೆಯ ನಾವು ಕೆಲವರು ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯವಾದವರು. ಹೀಗೆ ಒಟ್ಟಿಗೆ ತೆಗೆದು, ಒಟ್ಟಿಗೆ ಕೂತು ನೋಡುವುದನ್ನು ರೂಢಿ ಮಾಡಿಕೊಂಡಿದ್ದೇವೆ. ನಮಗೆ ಕೆಲಸಕ್ಕೆ ಬಂದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ರಾಜಹಂಸವನ್ನು (ಫ್ಲೆಮಿಂಗೊ) ಹಿಡಿದುಕೊಂಡಿದ್ದೇನೆ. ಮುಂಬೈಯಲ್ಲಿ ಕಲಿಯಲು ಅದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡದು, ಬಯಲಿನಲ್ಲಿ ನಿಲ್ಲುತ್ತದೆ, ತಿಂಗಳುಗಟ್ಟಲೆ ಇರುತ್ತದೆ, ಲೋಕಲ್ ಟ್ರೇನಿನಲ್ಲಿ ಹೋಗಿ ನೋಡಬಹುದು.

ಹೆಜ್ಜೆ 1: ಒಂದು ಜಾಗ, ಒಂದು ಹಕ್ಕಿ

ಇವತ್ತು ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಮುಂದಿನ ವಾರ ಪನ್ವೇಲ್ ಹತ್ತಿರದ ಕರ್ನಾಳಾ, ಅದರ ಮುಂದಿನ ವಾರ ಉರಣ್ ಎಂದು ಓಡಾಡಿದರೆ ಹಕ್ಕಿಗಳ ಪಟ್ಟಿ ಬೆಳೆಯುತ್ತದೆ, ಫೋಟೊ ಬೆಳೆಯುವುದಿಲ್ಲ. ಒಂದು ಸೀಸನ್ನಿನ ಮಟ್ಟಿಗಾದರೂ ಒಂದೇ ಜಾಗ ಹಿಡಿಯಿರಿ.

ರಾಜಹಂಸಗಳು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಠಾಣೆ ಖಾಡಿಗೆ (ಕಡಲು ಒಳಕ್ಕೆ ಚಾಚಿದ ಕೊಲ್ಲಿ) ಬರುತ್ತವೆ. ಮಳೆ ಶುರುವಾಗುವ ತನಕ ಇರುತ್ತವೆ. ಖಾಡಿಯ ಒಂದು ಭಾಗವನ್ನು 2015ರಲ್ಲಿ ರಾಜಹಂಸ ಅಭಯಾರಣ್ಯ ಎಂದು ಘೋಷಿಸಿದರು. 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ರಾಮ್ಸಾರ್ ಮಾನ್ಯತೆಯೂ ಬಂತು. ಇಲ್ಲಿ ಎರಡು ಜಾತಿಗಳಿವೆ. ಚಿಕ್ಕ ರಾಜಹಂಸದ ಕೊಕ್ಕು ಕಡುಗೆಂಪು, ದೂರದಿಂದ ಕಪ್ಪಾಗಿ ಕಾಣುತ್ತದೆ. ಮೈಬಣ್ಣವೂ ಗಾಢ. ದೊಡ್ಡದರ ಮೈ ಬಿಳಿಚು, ಕೊಕ್ಕು ತಿಳಿ ಗುಲಾಬಿ, ತುದಿ ಮಾತ್ರ ಕಪ್ಪು. ಬೂದು-ಕಂದು ಬಣ್ಣದವು ಕಂಡರೆ ಬೇರೆ ಜಾತಿ ಅಂದುಕೊಳ್ಳಬೇಡಿ, ಅವು ಮರಿವಯಸ್ಸಿನವು. ತಿನ್ನುವ ಪಾಚಿ ಮತ್ತು ಸಣ್ಣ ಜೀವಿಗಳಿಂದ ಸಿಗುವ ವರ್ಣದ್ರವ್ಯ ಕೆರೊಟಿನಾಯ್ಡ್‌ನಿಂದಲೇ ಆ ಗುಲಾಬಿ ಬಣ್ಣ ಬರುವುದು.

ನೋಡುವ ಜಾಗಗಳು ಮುಖ್ಯವಾಗಿ ಮೂರು. ಅಟಲ್ ಸೇತು ಶುರುವಾಗುವ ಶಿವಡಿ ಕಡೆಯ ಕೆಸರು ಬಯಲು. ಸೀವುಡ್ಸ್-ನೆರೂಳ್ ಕಡೆಯ ಕೊಳಗಳು, ಅಂದರೆ ಹಡಗು ತರಬೇತಿ ಸಂಸ್ಥೆ ಟಿ.ಎಸ್. ಚಾಣಕ್ಯದ ಹಿಂಭಾಗ ಮತ್ತು ಡಿಪಿಎಸ್ ಕೆರೆ. ಮತ್ತೆ ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ಹೊರಡುವ ದೋಣಿ. ಹೊಸಬರಿಗೆ ನಾನು ಹೇಳುವುದು ನೆರೂಳ್ ಕಡೆಯ ಕೊಳ. ಡೊಂಬಿವಲಿಯಿಂದ ಹೋಗುವವರು ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯಿರಿ. ಭಾನುವಾರವಾದರೆ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವುದು) ಇದೆಯಾ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಬೆಳಗ್ಗೆ ಹೋಗುವಾಗ ತೊಂದರೆ ಇರುವುದಿಲ್ಲ, ಬಿಸಿಲಲ್ಲಿ ವಾಪಸ್ ಬರುವಾಗ ಸಿಕ್ಕಿಬೀಳುತ್ತೀರಿ.

ಹೆಜ್ಜೆ 2: ಉಬ್ಬರ, ಬೆಳಕು, ಗಾಳಿ

ಕ್ಯಾಮೆರಾ ಬಟನ್ ಬಗ್ಗೆ ಮಾತಾಡುವ ಮೊದಲು ಇದನ್ನು ಕಲಿಯಬೇಕು. ಅರ್ಧ ಫೋಟೊ ಇಲ್ಲೇ ತೀರ್ಮಾನವಾಗುತ್ತದೆ.

ಇಳಿತದ ಹೊತ್ತಿನಲ್ಲಿ ಕೆಸರು ಬಯಲು ತೆರೆದುಕೊಳ್ಳುತ್ತದೆ. ಹಕ್ಕಿಗಳು ಅಲ್ಲಿ ಹರಡಿಕೊಂಡು ತಿನ್ನುತ್ತಿರುತ್ತವೆ, ಬಹಳ ದೂರ. ನೀರು ಏರುತ್ತಾ ಬಂದಂತೆ ಬಯಲು ಮುಳುಗುತ್ತದೆ. ಆಗ ಹಿಂಡುಗಳು ಎದ್ದು ನೆರೂಳ್ ಕಡೆಯ ಕೊಳಗಳಿಗೆ ಬಂದು ಕೂರುತ್ತವೆ. ಹಾಗಾಗಿ ಕೊಳಕ್ಕೆ ಹೋಗುವವರಿಗೆ ಬೆಳಗ್ಗೆ ಉಬ್ಬರ ಇರುವ ದಿನ ಬೇಕು. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮನೆಯ ಕ್ಯಾಲೆಂಡರಿನಲ್ಲೇ ಒಂದು ಅಂದಾಜು ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಮುಂಬೈಯಲ್ಲಿ ಹಗಲಿನ ಉಬ್ಬರ ಮಧ್ಯಾಹ್ನ 12ರ ಹತ್ತಿರ ಬರುತ್ತದೆ. ಏಕಾದಶಿಯ ಆಸುಪಾಸಿನಲ್ಲಿ ಬೆಳಗ್ಗೆ 8ರ ಆಚೀಚೆ. ನಿಖರ ಸಮಯಕ್ಕೆ ಮೊಬೈಲಿನಲ್ಲಿ ಮುಂಬೈಯ ಉಬ್ಬರ-ಇಳಿತದ ಪಟ್ಟಿ ನೋಡಿ. ಖಾಡಿಯ ಒಳಗಿರುವ ಐರೋಲಿಯಲ್ಲಿ ಉಬ್ಬರ ಸ್ವಲ್ಪ ತಡವಾಗಿ ಮುಟ್ಟುತ್ತದೆ. ದೋಣಿಯ ಸಮಯವೂ ಉಬ್ಬರದ ಮೇಲೇ ನಿಂತಿರುವುದರಿಂದ ಮೊದಲೇ ವಿಚಾರಿಸಿ ಟಿಕೆಟ್ ಮಾಡಿಸಿ.

ಇನ್ನು ಬೆಳಕು. ಶಿವಡಿಯಲ್ಲಿ ನಿಂತರೆ ಖಾಡಿ ಪೂರ್ವಕ್ಕಿದೆ. ಬೆಳಗಿನ ಸೂರ್ಯ ನೇರ ಮುಖಕ್ಕೆ ಬರುತ್ತದೆ, ಹಕ್ಕಿ ಕಪ್ಪು ನೆರಳಾಗುತ್ತದೆ. ಅಲ್ಲಿಗೆ ಮಧ್ಯಾಹ್ನ ಮೂರೂವರೆಯ ಮೇಲೆ ಹೋಗಿ. ನೆರೂಳ್ ಕಡೆ ಇದಕ್ಕೆ ಉಲ್ಟಾ. ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಬೆಳಗಿನ ಬೆಳಕು ಬೆನ್ನ ಹಿಂದಿನಿಂದ ಬಂದು ಹಕ್ಕಿಯ ಮೇಲೆ ಬೀಳುತ್ತದೆ. ಸಂಜೆ ಹೋದರೆ ಹೊಳೆಯುವ ನೀರಿನ ಮೇಲೆ ಕಪ್ಪು ಆಕಾರಗಳು ಸಿಗುತ್ತವೆ. ಅದೂ ಚಂದವೇ, ಆದರೆ ಅದಕ್ಕೆಂದೇ ಹೋಗಬೇಕು.

ಗಾಳಿಯನ್ನು ಯಾರೂ ಗಮನಿಸುವುದಿಲ್ಲ. ಹಕ್ಕಿ ಏಳುವುದು ಗಾಳಿಗೆ ಎದುರಾಗಿ. ರಾಜಹಂಸ ನೀರಿನ ಮೇಲೆ ಒಂದಷ್ಟು ದೂರ ಓಡಿ ಆಮೇಲೆ ಏಳುತ್ತದೆ. ಗಾಳಿ ನಿಮ್ಮ ಬೆನ್ನಿಗಿದ್ದರೆ ಆ ಓಟ ನಿಮ್ಮ ಕಡೆಗೇ ಇರುತ್ತದೆ. ಚಳಿಗಾಲದ ಬೆಳಗ್ಗೆ ಮುಂಬೈಯಲ್ಲಿ ಸಾಮಾನ್ಯವಾಗಿ ನೆಲದ ಕಡೆಯಿಂದ, ಅಂದರೆ ಪೂರ್ವದಿಂದ, ಮೆಲ್ಲಗೆ ಗಾಳಿ ಬೀಸುತ್ತದೆ. ನೆರೂಳ್ ದಂಡೆಯಲ್ಲಿ ಆಗ ಬೆಳಕು, ಗಾಳಿ ಎರಡೂ ನಿಮ್ಮ ಬೆನ್ನಿಗೆ. ಹೊಸಬರಿಗೆ ಆ ಜಾಗ ಹೇಳಿದ್ದು ಇದಕ್ಕೇ.

ಬಿಸಿಲು ಏರಿದ ಮೇಲೆ ಕೆಸರಿನ ಮೇಲಿನ ಗಾಳಿ ಕಾದು ನಡುಗುತ್ತದೆ. ದೂರದ ಹಕ್ಕಿಯ ಅಂಚೆಲ್ಲ ಅಲೆಯಲೆಯಾಗುತ್ತದೆ. ಎಷ್ಟು ಲಕ್ಷದ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ. ಆಗ ಹತ್ತಿರದ ಬೆಳ್ಳಕ್ಕಿ, ಉಲ್ಲಂಕಿಗಳ ಕಡೆ ತಿರುಗಿ, ಇಲ್ಲವೇ ಚೀಲ ಕಟ್ಟಿ.

ಹೆಜ್ಜೆ 3: ಕ್ಯಾಮೆರಾ ಹೊಂದಿಸುವುದು

ಇರುವ ಕ್ಯಾಮೆರಾ ಸಾಕು. ಲೆನ್ಸ್ ಬದಲಿಸಲಾಗದ, ಉದ್ದ ಜೂಮಿನ ಬ್ರಿಜ್ ಕ್ಯಾಮೆರಾದಲ್ಲೂ ಕಲಿಯಬಹುದು. ಲೆನ್ಸ್ ಬದಲಿಸುವ ಕ್ಯಾಮೆರಾ ಆದರೆ 300 ಮಿ.ಮೀ. ತನಕ ಹೋಗುವ ಲೆನ್ಸ್ ಇದ್ದರೆ ಶುರು ಮಾಡಲು ಅಡ್ಡಿಯಿಲ್ಲ. 150–600 ಅಥವಾ 100–400 ಸಿಕ್ಕರೆ ಸುಲಭವಾಗುತ್ತದೆ, ಅಷ್ಟೇ.

ಫೋಕಸ್ ಮೋಡ್ ನಿರಂತರ ಫೋಕಸ್‌ನಲ್ಲಿರಲಿ. ನಿಕಾನ್, ಸೋನಿಯಲ್ಲಿ ಅದು ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೋ. ಹೊಸ ಕ್ಯಾಮೆರಾಗಳಲ್ಲಿ ಹಕ್ಕಿಯ ಕಣ್ಣು ಹುಡುಕುವ ವ್ಯವಸ್ಥೆ ಇದ್ದರೆ ಆನ್ ಮಾಡಿ. ಆದರೆ ಹಿಂಡಿನಲ್ಲಿ ಅದು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಆಗ ಒಂದೇ ಫೋಕಸ್ ಪಾಯಿಂಟ್ ಇಟ್ಟುಕೊಂಡು ನೀವೇ ಆರಿಸಿದ ಹಕ್ಕಿಯ ತಲೆಯ ಮೇಲೆ ಇಡುವುದು ಒಳ್ಳೆಯದು.

ಶಟರ್ ಸ್ಪೀಡ್ (ಬೆಳಕು ಬರಲು ಶಟರ್ ತೆರೆದಿರುವ ಹೊತ್ತು) ಹೀಗೆ ಇಟ್ಟುಕೊಳ್ಳಿ. ಸುಮ್ನೆ ನಿಂತ ಹಕ್ಕಿಗೆ 1/500 ಸೆಕೆಂಡ್. ನಡೆಯುತ್ತಾ ತಿನ್ನುತ್ತಿದ್ದರೆ 1/1000. ಓಡಿ ಏಳುವಾಗ, ಹಾರುವಾಗ 1/2000. ಸೂರಕ್ಕಿಯಂಥ ಚುರುಕು ಹಕ್ಕಿಗೆ 1/3200ಕ್ಕೂ ಹೋಗಬೇಕಾದೀತು. ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಒಂಟಿ ಹಕ್ಕಿಗೆ ಎಫ್/5.6 ಅಥವಾ 6.3, ಹಿಂಡಿಗೆ ಎಫ್/8. ಮ್ಯಾನ್ಯುವಲ್ ಮೋಡ್‌ನಲ್ಲಿ ಇವೆರಡನ್ನು ನೀವು ಹಿಡಿದುಕೊಂಡು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮಾತ್ರ ಆಟೋದಲ್ಲಿ ಬಿಡಿ. ಐಎಸ್ಒ ಜಾಸ್ತಿಯಾದರೆ ಕಾಳುಕಾಳು ಬರುತ್ತದೆ ಎಂದು ಹೆದರುವವರು ಬಹಳ. ಕಾಳನ್ನು ಆಮೇಲೆ ಕಡಿಮೆ ಮಾಡಬಹುದು. ಅಲುಗಿದ ಫೋಟೊವನ್ನು ಸರಿ ಮಾಡುವುದು ಕಷ್ಟ.

ಬಿಳಿ ಹಕ್ಕಿ, ಕಪ್ಪು ಹಕ್ಕಿಯ ವಿಷಯದಲ್ಲಿ ಕ್ಯಾಮೆರಾ ಮೋಸ ಹೋಗುತ್ತದೆ. ಕಡು ಹಸಿರು ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಮುಂದೆ ಒಂದು ಬೆಳ್ಳಕ್ಕಿ ಇದ್ದರೆ ಅದರ ಗರಿಗಳೆಲ್ಲ ಬೆಳ್ಳಗೆ ಕರಗಿಹೋಗುತ್ತವೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೊದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್) –0.7ರಿಂದ –1.3ರ ತನಕ ಇಳಿಸಿ. ಬಿಳಿಚು ರಾಜಹಂಸಗಳ ಹಿಂಡೇ ಫ್ರೇಮ್ ತುಂಬಿದ್ದರೆ ಫೋಟೊ ಮಂಕಾಗುತ್ತದೆ, ಆಗ ಸ್ವಲ್ಪ ಏರಿಸಿ. ಆಕಾಶದ ಎದುರು ತಂತಿಯ ಮೇಲೆ ಕೂತ ಕಾಜಾಣಕ್ಕೆ +1 ಅಥವಾ ಇನ್ನೂ ಸ್ವಲ್ಪ ಬೇಕು. ಬೆಳಕು ಮಿತಿ ಮೀರಿದ ಕಡೆ ಮಿಣುಕಿ ತೋರಿಸುವ ಸೌಲಭ್ಯ ಬಹುತೇಕ ಕ್ಯಾಮೆರಾಗಳಲ್ಲಿದೆ. ಅದನ್ನು ಆನ್ ಮಾಡಿಟ್ಟುಕೊಳ್ಳಿ. ಫೈಲ್ ರಾ (ಕ್ಯಾಮೆರಾ ತಾನೇ ತಿದ್ದದೆ ಇಡುವ ಮೂಲ ಫೈಲ್) ಫಾರ್ಮ್ಯಾಟ್‌ನಲ್ಲಿರಲಿ.

ಹೆಜ್ಜೆ 4: ಹಕ್ಕಿಯ ಮುಂದೆ

ಮೊದಲ ಹದಿನೈದು ನಿಮಿಷ ಕ್ಯಾಮೆರಾ ಎತ್ತಬೇಡಿ. ಸುಮ್ನೆ ಕೂತು ನೋಡಿ. ರಾಜಹಂಸ ತಲೆ ತಗ್ಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು ಸೋಸಿ ತಿನ್ನುತ್ತದೆ. ಆಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ನಡುನಡುವೆ ತಲೆ ಎತ್ತುತ್ತದೆ, ಕೊಕ್ಕಿನಿಂದ ನೀರು ತೊಟ್ಟಿಕ್ಕುತ್ತದೆ. ನಿಮಗೆ ಬೇಕಾದ್ದು ಆ ಕ್ಷಣ. ಎಷ್ಟು ಹೊತ್ತಿಗೊಮ್ಮೆ ತಲೆ ಎತ್ತುತ್ತದೆ ಎಂದು ನೋಡಿಕೊಂಡರೆ ಬೆರಳು ಮೊದಲೇ ಸಿದ್ಧವಾಗಿರುತ್ತದೆ.

ಆದಷ್ಟು ಕೆಳಗೆ ಕೂರಿ. ನಿಂತು ತೆಗೆದರೆ ಹಕ್ಕಿಯ ಹಿಂದೆ ಬರೀ ಕೆಸರು. ಕೂತು ತೆಗೆದರೆ ಹಿಂದೆ ದೂರದ ನೀರು, ಹಸಿರು ಮಸುಕಾಗಿ ಬರುತ್ತದೆ, ಹಕ್ಕಿ ಎದ್ದು ಕಾಣುತ್ತದೆ. ಅಕ್ಕಿ ತುಂಬಿ ಹೊಲಿದ ಬಟ್ಟೆಯ ಚೀಲದ ಮೇಲೆ ಲೆನ್ಸ್ ಇಟ್ಟರೆ ಕೈ ನಡುಗುವುದಿಲ್ಲ. ದೋಣಿಯಲ್ಲಿ ಮಾತ್ರ ಟ್ರೈಪಾಡ್ ಬೇಡ. ಇಂಜಿನ್ನಿನ ಅದುರಾಟ ನೇರ ಕ್ಯಾಮೆರಾಗೆ ಹತ್ತುತ್ತದೆ. ಕೈಯಲ್ಲೇ ಹಿಡಿದು ಶಟರ್ ಸ್ಪೀಡ್ ಏರಿಸಿ.

ಹಿನ್ನೆಲೆಯಲ್ಲಿ ನವಿ ಮುಂಬೈಯ ಕಟ್ಟಡಗಳು, ಕರೆಂಟ್ ಟವರ್‌ಗಳು ಬಂದೇ ಬರುತ್ತವೆ. ಎಲ್ಲರೂ ಅವನ್ನು ಮುಚ್ಚಲು ಒದ್ದಾಡುತ್ತಾರೆ. ಮುಚ್ಚಲೇಬೇಕೆಂದಿಲ್ಲ. ಈ ಹಕ್ಕಿಗಳು ಕೋಟ್ಯಂತರ ಜನರ ಊರಿನ ಪಕ್ಕದಲ್ಲೇ ಬದುಕುತ್ತಿವೆ, ಅದೂ ಅವುಗಳ ಕಥೆಯೇ. ಆದರೆ ತೀರ್ಮಾನ ನಿಮ್ಮದಾಗಿರಬೇಕು. ಕಟ್ಟಡ ಬೇಕೆಂದರೆ ಪೂರ್ತಿಯಾಗಿ ತನ್ನಿ, ಬೇಡವೆಂದರೆ ಎರಡು ಹೆಜ್ಜೆ ಸರಿದು ಬಿಡಿ. ಅರ್ಧಂಬರ್ಧ ಇಣುಕುವ ಗೋಡೆಯೇ ಫೋಟೊ ಕೆಡಿಸುವುದು.

ಹಕ್ಕಿಗೆ ತೊಂದರೆ ಕೊಡಬಾರದು. ಇದರಲ್ಲಿ ರಾಜಿ ಇಲ್ಲ. ತಿನ್ನುತ್ತಿದ್ದ ಹಿಂಡು ಒಟ್ಟಿಗೆ ಕತ್ತು ಎತ್ತಿ ನಿಮ್ಮಿಂದ ದೂರ ನಡೆಯತೊಡಗಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಎಂದರ್ಥ. ಅಲ್ಲೇ ನಿಂತು ನಿಧಾನವಾಗಿ ಹಿಂದೆ ಸರಿಯಿರಿ. ಕತ್ತು ಎತ್ತಿ ತಲೆಯನ್ನು ಎಡಕ್ಕೆ ಬಲಕ್ಕೆ ಪಟಪಟ ತಿರುಗಿಸುತ್ತಾ ಗುಂಪಾಗಿ ಸಾಗುವುದು ಬೇರೆ, ಅದು ಜೋಡಿ ಹುಡುಕುವ ಕುಣಿತ. ನೋಡುತ್ತಾ ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ. ಹಾರುವ ಫೋಟೊ ಬೇಕೆಂದು ಚಪ್ಪಾಳೆ ತಟ್ಟುವುದು, ಕಲ್ಲು ಎಸೆಯುವುದು, ಡ್ರೋನ್ ಬಿಡುವುದು, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಯಾವುದೂ ಬೇಡ. ಯಾವ ಹಕ್ಕಿಯದೇ ಆಗಲಿ, ಗೂಡಿನ ಹತ್ತಿರ ಹೋಗಬೇಡಿ. ಕೆಸರಿಗೆ ಇಳಿಯಲೇಬೇಡಿ, ಸೊಂಟದ ತನಕ ಹೂತುಹೋಗಬಹುದು.

ಹೆಜ್ಜೆ 5: ಆರಿಸುವುದು, ತಿದ್ದುವುದು

ಮನೆಗೆ ಬಂದ ದಿನವೇ ಆರಿಸಬೇಡಿ. ಬೆಳಗ್ಗೆ ಪಟ್ಟ ಖುಷಿ ಕಣ್ಣಲ್ಲಿ ಇನ್ನೂ ಇರುತ್ತದೆ, ಎಲ್ಲವೂ ಚಂದ ಕಾಣುತ್ತದೆ. ಒಂದೆರಡು ದಿನ ಬಿಟ್ಟು ಕೂರಿ. ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ಕಣ್ಣು ಚೂಪಾಗಿದೆಯಾ ನೋಡಿ. ಇಲ್ಲದಿದ್ದರೆ ಪಕ್ಕಕ್ಕೆ ಹಾಕಿ. ಉಳಿದವುಗಳಲ್ಲಿ ಹಕ್ಕಿ ಏನಾದರೂ ಮಾಡುತ್ತಿರುವ ಫೋಟೊಗಳನ್ನು ಇಟ್ಟುಕೊಳ್ಳಿ. ಕೊನೆಗೆ ಮೂರು ಉಳಿಯಲಿ.

ತಿದ್ದುವುದು ಕಡಿಮೆ ಇದ್ದಷ್ಟೂ ಚಂದ. ನೀರಿನ ಗೆರೆ ನೇರ ಮಾಡಿ, ಹಕ್ಕಿ ನೋಡುವ ಕಡೆ ಜಾಗ ಬಿಟ್ಟು ಕ್ರಾಪ್ ಮಾಡಿ, ಬೆಳಕು ಸರಿ ಮಾಡಿ, ಕಾಳು ಕಡಿಮೆ ಮಾಡಿ. ಗುಲಾಬಿಯನ್ನು ಎಳೆದು ಕುಂಕುಮ ಮಾಡಬೇಡಿ. ದುಡ್ಡು ಕೊಡದೇ ಸಿಗುವ ಫೋಟೊ ತಿದ್ದುವ ತಂತ್ರಾಂಶ ಡಾರ್ಕ್‌ಟೇಬಲ್‌ನಲ್ಲೂ ಇಷ್ಟೆಲ್ಲ ಆಗುತ್ತದೆ. ಮೂಲ ಫೈಲ್ ಜೋಪಾನವಾಗಿಡಿ. ಗೆಳೆಯರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಹಾಗೇ ಕಳಿಸಿದರೆ ಅದು ಫೋಟೊವನ್ನು ಕುಗ್ಗಿಸುತ್ತದೆ, ಚೂಪು ಹೋಗುತ್ತದೆ, ಅವರು ನಿಮ್ಮ ಫೋಕಸ್ ಸರಿಯಿಲ್ಲ ಅಂತಾರೆ.

ಹೆಜ್ಜೆ 6: ತೋರಿಸುವುದು

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ‘ಸೂಪರ್’, ‘ಒಂದು ನಂಬರ್’ ಅನ್ನುವ ಮಾತು ಮನಸ್ಸಿಗೆ ಹಿತ. ಆದರೆ ಮುಂದಿನ ಭಾನುವಾರ ಏನು ಮಾಡಬೇಕೆಂದು ಅದು ಹೇಳುವುದಿಲ್ಲ.

ನಾಲ್ಕೈದು ಜನ ಸಾಕು. ಎಲ್ಲರೂ ಫೋಟೊ ತೆಗೆಯುವವರೇ ಆಗಬೇಕಿಲ್ಲ. ಹಕ್ಕಿ ಬಲ್ಲವರು ಒಬ್ಬರಿರಲಿ, ಜಾತಿ, ವಯಸ್ಸು, ನಡವಳಿಕೆ ಅವರಿಗೆ ಗೊತ್ತಿರುತ್ತದೆ. ಅಂಥವರು ಹತ್ತಿರ ಯಾರೂ ಇಲ್ಲದಿದ್ದರೆ 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಕ್ಕಿ ನಡಿಗೆಗಳಿಗೆ ಹೋಗಿ, ಪರಿಚಯವಾಗುತ್ತಾರೆ. ಕ್ಯಾಮೆರಾ ಬಲ್ಲವರು ಒಬ್ಬರು. ಮತ್ತೆ ಇವೆರಡೂ ಗೊತ್ತಿಲ್ಲದವರು ಒಬ್ಬರು ಖಂಡಿತ ಇರಬೇಕು, ಮನೆಯವರು ಅಥವಾ ಪಕ್ಕದ ಮನೆಯವರು. ಅವರ ಕಣ್ಣಿಗೆ ನಿಮ್ಮ ಕಷ್ಟ ಕಾಣುವುದಿಲ್ಲ, ಫೋಟೊ ಮಾತ್ರ ಕಾಣುತ್ತದೆ.

ಕೂರುವ ಕ್ರಮ ಹೀಗಿರಲಿ. ಲ್ಯಾಪ್‌ಟಾಪಿನಲ್ಲೋ ಟಿವಿಯಲ್ಲೋ ಫೋಟೊ ಹಾಕಿ. ತೆಗೆದವರು ಏನೂ ಹೇಳಬಾರದು. ‘ಬೆಳಕು ಕಡಿಮೆ ಇತ್ತು’, ‘ದೂರ ಇತ್ತು’ ಯಾವುದೂ ಬೇಡ. ಅರ್ಧ ನಿಮಿಷ ಎಲ್ಲರೂ ನೋಡಲಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಹೋಯಿತು ಎಂದಷ್ಟೇ ಹೇಳಲಿ. ನಂತರ ಯಾವುದು ಇಷ್ಟವಾಯಿತು, ಯಾಕೆ. ಕೊನೆಗೆ ಒಂದೇ ಒಂದು ಬದಲಾವಣೆ. ಆಗ ತೆಗೆದವರು ಬಾಯಿ ಬಿಟ್ಟು, ತಮ್ಮ ಮನಸ್ಸಿನಲ್ಲಿ ಏನಿತ್ತು ಹೇಳಲಿ.

ನಮ್ಮ ಬಳಗದ ಒಬ್ಬ ಹುಡುಗ ಸೀವುಡ್ಸ್ ಕಡೆ ಹಾರುವ ಹಿಂಡು ತೆಗೆದಿದ್ದ. ರೆಕ್ಕೆಯಡಿಯ ಕೆಂಪು, ಕಪ್ಪು ಎಲ್ಲ ಚೆನ್ನಾಗಿ ಬಂದಿತ್ತು. ಎಲ್ಲರಿಗಿಂತ ಮೊದಲು ಮಾತಾಡಿದ್ದು ಕ್ಯಾಮೆರಾ ಮುಟ್ಟದ ಅಕ್ಕ ಒಬ್ಬರು.

‘ನನ್ನ ಕಣ್ಣು ಮೊದಲು ಆ ನೀಲಿ ಗಾಜಿನ ಕಟ್ಟಡಕ್ಕೆ ಹೋಯ್ತಪ್ಪ. ಹಕ್ಕಿ ಆಮೇಲೆ ಕಂಡಿದ್ದು.’

‘ಅಕ್ಕ, ಅದು ಬೇಕು ಅಂತಲೇ ಇಟ್ಟಿದ್ದು.’

‘ಬೇಕಾದ್ರೆ ಇರಲಿ. ಆದ್ರೆ ಮುಂದಿನ ಹಕ್ಕಿಯ ಕೊಕ್ಕು ಗೋಡೆಗೆ ಹೊಡೀತಾ ಇದೆ ಅಲ್ವಾ? ಒಂಚೂರು ಮುಂಚೆ ತೆಗೆದಿದ್ರೆ?’

ಅದು ಸರಿಯಾದ ಮಾತು. ಕಟ್ಟಡ ಬೇಡ ಎಂದು ಅವರು ಹೇಳಲಿಲ್ಲ. ಕೊಕ್ಕಿನ ಮುಂದೆ ಆಕಾಶ ಬೇಕು ಎಂದರು. ಅವನಿಗೆ ಮುಂದಿನ ಸಲ ಮಾಡಲು ಒಂದು ಕೆಲಸ ಸಿಕ್ಕಿತು.

ನಮ್ಮವರಲ್ಲಿ ಒಂದು ಕಷ್ಟ ಇದೆ. ಮಾಮನ ವಯಸ್ಸಿನವರ ಫೋಟೊ ಬಂದರೆ ಚಿಕ್ಕವರು ಸುಮ್ಮನಾಗುತ್ತಾರೆ. ಗೌರವ ಇರಬೇಕಾದ್ದೇ, ಆದರೆ ಮಾಮನೂ ಕಲಿಯಬೇಕಲ್ಲ. ಅದಕ್ಕೆ ಎಲ್ಲರ ಫೋಟೊ ಒಂದೇ ಫೋಲ್ಡರಿನಲ್ಲಿ ಹೆಸರಿಲ್ಲದೆ ಬೆರೆಸಿ ಹಾಕಿ. ಯಾರದೆಂದು ಕೊನೆಗೆ ಹೇಳಿ. ‘ನೀವು ಯಾಕೆ ಹೀಗೆ ತೆಗೆದಿರಿ?’ ಎನ್ನುವ ಬದಲು ‘ಈ ಫೋಟೊದಲ್ಲಿ ಎಡಗಡೆ ಕೊಂಬೆ ಕಣ್ಣಿಗೆ ಬಡಿಯುತ್ತದೆ’ ಎಂದರೆ ಯಾರಿಗೂ ನೋವಾಗುವುದಿಲ್ಲ. ನೀವು ಕೇಳುವಾಗಲೂ ‘ಹೇಗಿದೆ?’ ಬೇಡ. ‘ಇವೆರಡರಲ್ಲಿ ಯಾವ ಕ್ರಾಪ್ ಸರಿ?’, ‘ಹಕ್ಕಿ ಚೂಪಾಗಿದೆಯಾ?’ ಎಂದು ಕೇಳಿ.

ಮೂರು ಜನ ಮೂರು ಥರ ಪರಿಹಾರ ಹೇಳಿದರೆ ಗಾಬರಿಯಾಗಬೇಡಿ. ಮೂವರೂ ಬೊಟ್ಟು ಮಾಡಿದ ಜಾಗ ಒಂದೇನಾ ನೋಡಿ. ಒಂದೇ ಆದರೆ ಅಲ್ಲಿ ತೊಂದರೆ ನಿಜ. ಪರಿಹಾರ ನೀವೇ ಹುಡುಕಿಕೊಳ್ಳಿ.

ಹೆಜ್ಜೆ 7: ಮಾತನ್ನು ಕೆಲಸವಾಗಿಸುವುದು

ಒಂದು ಚಿಕ್ಕ ಪುಸ್ತಕ ಇಡಿ. ಎಡಕ್ಕೆ ಗೆಳೆಯರು ಹೇಳಿದ್ದು, ಬಲಕ್ಕೆ ಮುಂದಿನ ಸಲ ಮಾಡುವುದು. ಬಲಗಡೆ ಬರೆಯಲು ಆಗದಿದ್ದರೆ ಆ ಮಾತು ನಿಮಗಿನ್ನೂ ಅರ್ಥವಾಗಿಲ್ಲ, ಮತ್ತೆ ಕೇಳಿ.

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ‘ಚೂಪಿಲ್ಲ’. ಅದಕ್ಕೆ ಕಾರಣ ನಾಲ್ಕು ಇರಬಹುದು, ಡಾಕ್ಟರ್ ಜ್ವರ ನೋಡಿದ ಹಾಗೆ ಬಿಡಿಸಿ ನೋಡಬೇಕು. ಫೋಟೊದಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಶಟರ್ ಸ್ಪೀಡ್ ಏರಿಸಿ, ಆಸರೆ ಕೊಡಿ. ಮೈ ಚೂಪಾಗಿದ್ದು ರೆಕ್ಕೆಯ ತುದಿ ಮಾತ್ರ ಮಸುಕಾದರೆ ಹಕ್ಕಿ ನಿಮ್ಮ ಶಟರ್‌ಗಿಂತ ವೇಗವಾಗಿತ್ತು. 1/1000 ಇದ್ದದ್ದನ್ನು 1/2000 ಮಾಡಿ. ಹಕ್ಕಿ ಮಸುಕು, ಅದರ ಮುಂದಿನ ಕೆಸರೋ ಹಿಂದಿನ ಹುಲ್ಲೋ ಚೂಪು ಎಂದರೆ ಫೋಕಸ್ ತಪ್ಪಿದೆ. ಒಂದೇ ಪಾಯಿಂಟ್ ಇಟ್ಟು ಹತ್ತಿರದ ಬೆಳ್ಳಕ್ಕಿಯ ಮೇಲೆ ಅಭ್ಯಾಸ ಮಾಡಿ. ಅಂಚುಗಳೆಲ್ಲ ನೀರಿನಲ್ಲಿ ಕಂಡಂತೆ ಕದಡಿದ್ದರೆ ಬಿಸಿಗಾಳಿ. ಅದಕ್ಕೆ ಬೆಳಗ್ಗೆ ಬೇಗ ಏಳಬೇಕು. ಕಾರಣ ತಿಳಿಯದೆ ಹೊಸ ಲೆನ್ಸ್ ತಗೊಂಡವರ ದುಡ್ಡು ದಂಡವಾಗುತ್ತದೆ.

‘ಹಿನ್ನೆಲೆ ಗಜಿಬಿಜಿ’ ಎಂದರೆ ಬಲಗಡೆ ಬರೆಯಬೇಕಾದ್ದು: ಮೊದಲು ಹಿನ್ನೆಲೆ ಆರಿಸು, ಹಕ್ಕಿ ಅಲ್ಲಿಗೆ ಬರುವ ತನಕ ಕಾಯು. ‘ಹಕ್ಕಿಗಳು ಒಂದರ ಮೇಲೊಂದು ಬಿದ್ದಿವೆ’ ಎಂದರೆ: ಹಿಂಡಿನ ನಡುವೆ ತೆಗೆಯಬೇಡ, ಅಂಚಿನಲ್ಲಿರುವ ಎರಡು ಮೂರು ಹಕ್ಕಿಗಳನ್ನು ಹಿಡಿ, ಕತ್ತುಗಳ ನಡುವೆ ಜಾಗ ಕಂಡಾಗ ಒತ್ತು. ‘ಜೀವ ಇಲ್ಲ’ ಎಂದರೆ ಸಾಮಾನ್ಯವಾಗಿ ಕಣ್ಣಿಗೆ ಬೆಳಕು ಬಿದ್ದಿರುವುದಿಲ್ಲ: ತಲೆ ಬೆಳಕಿನ ಕಡೆ ತಿರುಗುವ ತನಕ ಕಾಯು.

ಒಂದು ಸಲಕ್ಕೆ ಒಂದೇ ಕೆಲಸ ತಗೊಂಡು ಹೋಗಿ. ಉಳಿದದ್ದು ಹೇಗಾದರೂ ಬರಲಿ. ಕೆಲವು ಸಲ ಹೋಗಿ ಬಂದ ಮೇಲೆ ಮೊದಲನೆಯ ಫೋಟೊ, ಇತ್ತೀಚಿನದು ಎರಡನ್ನೂ 8x12 ಇಂಚಿಗೆ ಮ್ಯಾಟ್ ಕಾಗದದಲ್ಲಿ ಪ್ರಿಂಟ್ ಹಾಕಿಸಿ. ಪರದೆಯಲ್ಲಿ ಅಡಗಿದ ತಪ್ಪು ಕಾಗದದಲ್ಲಿ ಕಾಣುತ್ತದೆ. ಅದೇ ಜನರ ಮುಂದಿಟ್ಟು ಅದೇ ಪ್ರಶ್ನೆ ಕೇಳಿ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು.

ಮಳೆ ಬಂದು ರಾಜಹಂಸಗಳು ಹೊರಟ ಮೇಲೆ ಸೊಸೈಟಿ ಕಾಂಪೌಂಡಿನ ಮಡಿವಾಳ ಹಕ್ಕಿ ಅಥವಾ ಕೆಂಬೂತವನ್ನು ಹಿಡಿಯಿರಿ. ಮಡಿವಾಳ ಹಕ್ಕಿಯ ಗಂಡಿನ ಮೈ ಅರ್ಧ ಕಪ್ಪು, ಅರ್ಧ ಬಿಳಿ. ಮೋಡದ ಮೆತ್ತನೆ ಬೆಳಕಿನಲ್ಲಿ ಎರಡೂ ಬಣ್ಣದ ಗರಿ ಒಟ್ಟಿಗೆ ಉಳಿಸಿಕೊಳ್ಳುವುದನ್ನು ಕಲಿಯಲು ಜೂನ್, ಜುಲೈ ಒಳ್ಳೆಯ ತಿಂಗಳುಗಳು. ಲೆನ್ಸ್ ಇಡುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಮುಂಬೈಯ ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ.